ಕರೆಂಟಿಗೆ 8 ಪೈಸೆ, ಬ್ಯಾಟರಿಗೆ 83

ಅಪ್ಪನ ಹರ್ಕ್ಯುಲಿಸ್ ಸೈಕಲ್ಲಿಗೇ ಮೋಟಾರು ಕೂರಿಸಬೇಕೆಂದು ಹೊರಟವನು ನಾನು. ರಾಡ್ ಬ್ರೇಕು, ಡೈನಮೋ, ಅಕ್ಕಿಮೂಟೆ ಹೊತ್ತು ಹೊತ್ತು ನಡು ಬಗ್ಗಿದ ಕ್ಯಾರಿಯರ್. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ಸೈಕಲ್ಲುಗಳನ್ನು ವರ್ಷಗಳಿಂದ ನೋಡಿಕೊಂಡು ಬಂದ ಮೆಕ್ಯಾನಿಕ್ ಅದರ ಚಕ್ರ ತಿರುಗಿಸಿ, ಬ್ರೇಕ್ ಹಿಡಿದು ನೋಡಿ, "ಕೂರ್ಸೋದೇನೋ ಕೂರಿಸ್ಬೋದು ಸಾರ್, ನಿಲ್ಸೋದು ಹೆಂಗೆ?" ಎಂದರು.

ಆ ಒಂದು ಪ್ರಶ್ನೆ ನನ್ನ ಹಣ ಉಳಿಸಿತು. ಸೈಕಲ್ಲಿಗೆ ಮೋಟಾರು ಕೂರಿಸುವ ಕಿಟ್ಟಿನ ಜೊತೆ ಬರುವ ಬ್ರೇಕ್ ಹಿಡಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಬ್ರೇಕ್ ಅದುಮಿದ ಕೂಡಲೇ ಮೋಟಾರಿಗೆ ಕರೆಂಟು ನಿಲ್ಲುತ್ತದೆ. ರಾಡ್ ಬ್ರೇಕಿನ ಸೈಕಲ್ಲಿಗೆ ಆ ಹಿಡಿ ಕೂರುವುದಿಲ್ಲ. ಮೇಲಾಗಿ ಮೋಟಾರು, ಬ್ಯಾಟರಿ ಸೇರಿ ಆರೇಳು ಕಿಲೋ ತೂಕ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಆ ಬ್ರೇಕನ್ನು ನಂಬುವಂತಿಲ್ಲ. ಕೊನೆಗೆ ಮೋಟಾರು ಸೇರಿದ್ದು ಮಗಳು ಕಾಲೇಜಿಗೆಂದು ಹುಬ್ಬಳ್ಳಿಗೆ ಹೋದ ಮೇಲೆ ಮೆಟ್ಟಿಲ ಕೆಳಗೆ ದೂಳು ತಿನ್ನುತ್ತಿದ್ದ ಸೈಕಲ್ಲಿಗೆ. ಉಕ್ಕಿನ ಫ್ರೇಮು, ಡಿಸ್ಕ್ ಬ್ರೇಕು.

ನನ್ನ ಕೆಲಸ ಮೇಟಗಳ್ಳಿಯಲ್ಲಿ. ಹೋಗಿಬರಲು ದಿನಕ್ಕೆ 16 ಕಿ.ಮೀ. ಮನೆಯ ಸ್ಕೂಟರ್ ನನ್ನವಳ ಶಾಲೆಯ ಓಡಾಟಕ್ಕೆ ಬೇಕೇ ಬೇಕು. ಎರಡನೇ ಸ್ಕೂಟರ್ ಎಂದರೆ ರಸ್ತೆಗಿಳಿಯುವಾಗ ಹತ್ತಿರ ಹತ್ತಿರ ಒಂದು ಲಕ್ಷ. ಬರಿ ಸೈಕಲ್ಲಿನಲ್ಲೇ ಹೋಗೋಣವೆಂದರೆ ಯಾದವಗಿರಿಯ ಏರಿನಲ್ಲಿ ಐವತ್ತು ದಾಟಿದ ಮಂಡಿ ಒಪ್ಪುತ್ತಿರಲಿಲ್ಲ. ಕಿಟ್ಟಿನ ಯೋಚನೆ ಹುಟ್ಟಿದ್ದು ಹಾಗೆ.

ಹಿಂದಿನ ಚಕ್ರಕ್ಕೆ ಕೂರುವ 250 ವ್ಯಾಟಿನ ಹಬ್ ಮೋಟಾರು, ಕಂಟ್ರೋಲರ್, ಥ್ರಾಟಲ್, ಪೆಡಲ್ ತುಳಿಯುವುದನ್ನು ಗುರುತಿಸುವ ಸೆನ್ಸರ್, ಬ್ರೇಕ್ ಹಿಡಿಗಳು: ಇವಿಷ್ಟಕ್ಕೆ ₹12,500. ಬ್ಯಾಟರಿ ಮತ್ತು ಚಾರ್ಜರಿಗೆ ₹11,500. ಕೂರಿಸುವ ಕೂಲಿ, ಹೊಸ ಟೈರು, ಬ್ರೇಕ್ ಪ್ಯಾಡ್ ಎಂದು ₹1,600. ಅಂಗಡಿಯವರು "ಇನ್ನು 800 ರೂಪಾಯಿ ಹಾಕಿ, 350 ವ್ಯಾಟಿಂದೇ ತಗೊಳ್ಳಿ" ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಶಕ್ತಿ 250 ವ್ಯಾಟ್ ಮಿತಿಯೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. ನೋಂದಣಿ, ಲೈಸೆನ್ಸು, ವಿಮೆ ಯಾವುದೂ ಬೇಡ. ಅದನ್ನು ಮೀರಿದರೆ ನೀವು ಓಡಿಸುತ್ತಿರುವುದು ನಂಬರ್ ಪ್ಲೇಟಿಲ್ಲದ, ವಿಮೆಯಿಲ್ಲದ ಗಾಡಿ. ಯಾರಿಗಾದರೂ ತಗುಲಿದರೆ ಪರಿಹಾರದ ಮೊತ್ತ ನಮ್ಮ ಜೇಬಿನಿಂದಲೇ ಹೋಗಬೇಕು. 800 ರೂಪಾಯಿಗೆ ಅಷ್ಟು ದೊಡ್ಡ ಹೊರೆಯನ್ನು ಯಾಕೆ ಕೊಳ್ಳಬೇಕು?

ಬ್ಯಾಟರಿಯ ವಿಷಯದಲ್ಲಿ ಮೊದಲು ಮೋಸವೇ ಆಯಿತು. ಕವಚದ ಮೇಲೆ 36 ವೋಲ್ಟ್, 10 ಆಂಪಿಯರ್ ಅವರ್ ಎಂದು ಅಚ್ಚಾಗಿತ್ತು. ಗುಣಿಸಿದರೆ 360 ವ್ಯಾಟ್ ಅವರ್. ಪೂರ್ತಿ ಖಾಲಿಯಾದದ್ದನ್ನು ತುಂಬಿಸಲು, ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ, ಸುಮಾರು 0.4 ಯೂನಿಟ್ ಹಿಡಿಯಬೇಕು. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರಿನಲ್ಲಿ ಅಳೆದರೆ 0.28ಕ್ಕೇ ಚಾರ್ಜರಿನ ಹಸಿರು ದೀಪ ಹತ್ತಿತು. ಅಂದರೆ ಹತ್ತರ ಬೆಲೆ ತೆತ್ತು ಏಳು ಕೊಂಡಿದ್ದೆ. ಮೀಟರಿನ ಫೋಟೊ, ಜಿಎಸ್‌ಟಿ ಬಿಲ್ಲು ಎರಡನ್ನೂ ಮುಂದಿಟ್ಟೆ. ತುಸು ವಾದವಾದ ಮೇಲೆ ಬದಲಿಸಿ ಕೊಟ್ಟರು. ಹೊಸದು 0.41 ಹಿಡಿಯಿತು. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆಗೆ ಕೊಳ್ಳುವ ಮಾತಿಗೆ ನಾನು ಒಪ್ಪಿದ್ದಿದ್ದರೆ ಆ ಏಳರಲ್ಲೇ ಕಾಲ ಹಾಕಬೇಕಿತ್ತು. ಕಿಟ್ ಕೊಳ್ಳುವ ಯಾರೇ ಆಗಲಿ, ಮೊದಲ ವಾರದಲ್ಲೇ ಈ ಪರೀಕ್ಷೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ನಷ್ಟಕ್ಕೆ ನಾನೇ ಹೊಣೆ. ಹಬ್ ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಾಗ ಅದರ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ಫ್ರೇಮಿಗೆ ಬಿಗಿದು ಹಿಡಿಯುವ ಉಕ್ಕಿನ ಪಟ್ಟಿಗೆ ಟಾರ್ಕ್ ಆರ್ಮ್ ಎನ್ನುತ್ತಾರೆ. ₹400 ಉಳಿಸಲು ಅದು ಬೇಡವೆಂದಿದ್ದೆ. ಎರಡನೇ ತಿಂಗಳಲ್ಲಿ ಏರು ಹತ್ತುವಾಗ ನಟ್ಟು ಸಡಿಲಗೊಂಡು, ಆಕ್ಸಲ್ ತಿರುಗಿ, ಅದರೊಳಗಿಂದ ಬರುವ ವೈರುಗಳೆಲ್ಲ ಹರಿದವು. ಚಕ್ರ ಕಳಚಿ ಬೀಳದೇ ಇದ್ದದ್ದು ಪುಣ್ಯ. ರಿಪೇರಿಗೆ ₹1,800, ಆಮೇಲೆ ಅದೇ ಪಟ್ಟಿಗೆ ₹400. ಒಟ್ಟು ಖರ್ಚು ₹27,800ಕ್ಕೆ ಬಂದು ನಿಂತಿತು.

ಈಗ ತಿಂಗಳ ಲೆಕ್ಕ. 24 ದಿನ, 384 ಕಿ.ಮೀ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಎಂಟೂವರೆ ಲೀಟರ್ ಪೆಟ್ರೋಲ್, ಅಂದರೆ ಸುಮಾರು ₹870. ಸೈಕಲ್ಲಿಗೆ ಎರಡು ದಿನಕ್ಕೊಮ್ಮೆ ಚಾರ್ಜ್, ತಿಂಗಳಿಗೆ 5 ಯೂನಿಟ್. ಆರು ರೂಪಾಯಿಯಂತೆ ₹30. ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತದೆ, ಆದರೂ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆಯುತ್ತೇನೆ. ಅಂಗಡಿಯವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ತಿಂಗಳಿಗೆ ₹840 ಉಳಿತಾಯ, ಎರಡೂವರೆ ವರ್ಷದೊಳಗೆ ಕಿಟ್ಟಿನ ದುಡ್ಡು ವಾಪಸ್ ಎನ್ನುತ್ತಾರೆ.

ಬ್ಯಾಟರಿ ಸವೆಯುತ್ತದೆ ಎಂಬುದನ್ನು ಆ ಲೆಕ್ಕ ಮರೆಸುತ್ತದೆ. ನನ್ನ ಬಳಕೆಗೆ ಮೂರು ವರ್ಷ ಎಂದು ಹಿಡಿದರೆ ಸುಮಾರು 13,800 ಕಿ.ಮೀ. ₹11,500ನ್ನು ಅದರಿಂದ ಭಾಗಿಸಿ ನೋಡಿ: ಕಿಲೋಮೀಟರಿಗೆ 83 ಪೈಸೆ. ಕರೆಂಟಿಗೆ ತಗಲುವುದು 8 ಪೈಸೆ. ನಾವು ಅಗ್ಗವೆಂದು ಸಂಭ್ರಮಿಸುವ ಕರೆಂಟಿನ ಹತ್ತುಪಟ್ಟು ದುಡ್ಡು ಸದ್ದಿಲ್ಲದೆ ಆ ಪೆಟ್ಟಿಗೆಯಲ್ಲಿ ಸವೆಯುತ್ತಿರುತ್ತದೆ. ಕಿಟ್ ಹಾಕಿಸಿದ ಸೈಕಲ್ಲುಗಳು ಮೂರು ವರ್ಷದ ಮೇಲೆ ಮೂಲೆ ಸೇರುವುದು ಮೋಟಾರು ಕೆಟ್ಟು ಅಲ್ಲ. ಒಂದೇ ಸಲಕ್ಕೆ ಹನ್ನೊಂದು ಹನ್ನೆರಡು ಸಾವಿರ ಎಣಿಸಲು ಮನಸ್ಸು ಬಾರದೆ.

ಅದಕ್ಕೇ ಕಿಟ್ ಹಾಕಿಸಿದ ತಿಂಗಳೇ ಬ್ಯಾಂಕಿನಲ್ಲಿ 36 ತಿಂಗಳ ಆರ್‌ಡಿ ತೆರೆದೆ, ತಿಂಗಳಿಗೆ ₹300. ಅವಧಿ ಮುಗಿದಾಗ ಬಡ್ಡಿ ಸೇರಿ ಹೊಸ ಬ್ಯಾಟರಿಯ ಬೆಲೆಗೆ ಸರಿಹೋಗುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು. ಮೂರು ವರ್ಷಕ್ಕೆ ಮುರಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುವುದರಿಂದ ಈ ಕೆಲಸಕ್ಕೆ ಹೊಂದುವುದಿಲ್ಲ. ಆರ್‌ಡಿ ಕಳೆದು ಕೈಯಲ್ಲಿ ಉಳಿಯುವುದು ₹540. ಆ ದರದಲ್ಲಿ ನಾನು ಹಾಕಿದ ₹27,800 ಮರಳಲು ನಾಲ್ಕು ವರ್ಷ ದಾಟಬೇಕು.

"ರೀ, ಇಷ್ಟು ದುಡ್ಡಿಗೆ ಹೊಸ ಇ-ಸೈಕಲ್ಲೇ ಬರ್ತಿತ್ತಲ್ವಾ?" ಎಂದಳು ನನ್ನವಳು. ಅವಳ ಮಾತಿನಲ್ಲಿ ಹುರುಳಿದೆ. ಗಟ್ಟಿ ಸೈಕಲ್ ಮನೆಯಲ್ಲಿ ಮೊದಲೇ ಇದ್ದರಷ್ಟೇ ಕಿಟ್ಟಿನ ದಾರಿ ಗಿಟ್ಟುತ್ತದೆ. ಸೈಕಲ್ಲನ್ನೂ ಹೊಸದಾಗಿ ಕೊಂಡು ಕಿಟ್ ಹಾಕಿಸುವುದಾದರೆ ವಾರಂಟಿಯೊಂದಿಗೆ ಬರುವ ಸಿದ್ಧ ಇ-ಸೈಕಲ್ಲೇ ಮೇಲು. ನನಗೆ ನಿಜವಾಗಿ ಉಳಿದದ್ದು ಪೆಟ್ರೋಲಿನ ದುಡ್ಡಿಗಿಂತ, ಕೊಳ್ಳದೇ ಬಿಟ್ಟ ಆ ಎರಡನೇ ಸ್ಕೂಟರಿನ ಸಾಲ. ಮಗಳ ಎರಡನೇ ವರ್ಷದ ಹಾಸ್ಟೆಲ್ ಶುಲ್ಕವನ್ನು ಯಾರ ಮುಂದೆಯೂ ಕೈಚಾಚದೆ ಕಟ್ಟಿದೆವು.

ಬ್ಯಾಟರಿಯ ಆರೈಕೆಯನ್ನು ಮಾತ್ರ ಬಿಟ್ಟಿಲ್ಲ. ಬಿಸಿಲಿನಲ್ಲಿ ನಿಲ್ಲಿಸುವುದಿಲ್ಲ, ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ, ಕಿಟ್ಟಿನ ಜೊತೆ ಬಂದ 42 ವೋಲ್ಟಿನ ಚಾರ್ಜರನ್ನೇ ಬಳಸುತ್ತೇನೆ. ಮಲಗುವಾಗ ಪ್ಲಗ್ಗಿನಲ್ಲಿ ಬಿಡುವುದಿಲ್ಲ. ಲಿಥಿಯಂ ಹೊತ್ತಿಕೊಂಡರೆ ಮನೆಯೇ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಮಾತ್ರ, ಪರೀಕ್ಷೆಗೆಂದು, ಕೊನೆಯವರೆಗೂ ಓಡಿಸಿ ಅದೇ ಮೀಟರಿನಲ್ಲಿ ತುಂಬಿಸುತ್ತೇನೆ. ಕಳೆದ ವಾರ 0.33 ತೋರಿಸಿತು. ಆರ್‌ಡಿಯ 31ನೇ ಕಂತು ಹೋಗಿದೆ, ಇನ್ನು ಐದು ಬಾಕಿ. ಅಪ್ಪನ ಹರ್ಕ್ಯುಲಿಸ್ಸಿಗೆ ಹೊಸ ಬ್ರೇಕ್ ರಬ್ಬರ್ ಹಾಕಿಸಿದ್ದೇನೆ. ಭಾನುವಾರ ಬೆಳಿಗ್ಗೆ ಲಿಂಗಾಂಬುಧಿ ಕೆರೆಯವರೆಗೆ ಅದನ್ನು ತುಳಿದುಕೊಂಡೇ ಹೋಗುತ್ತೇನೆ.