ಐದು ಎಕರೆ ಎರಿ ಹೊಲಕ್ಕೆ ಮೊದಲ ಟ್ರ್ಯಾಕ್ಟರ್: ಶೋರೂಮಿಗೆ ಹೋಗುವ ಮೊದಲು ಟೇಪು ಹಿಡೀರಿ

ಔರಾದ, ಭಾಲ್ಕಿ ಕಡೆಯ ಹುಡುಗರು ನನಗೆ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಅಣ್ಣಾ, ಐದು ಎಕರೆ ಎರಿ ಹೊಲ ಅದ. ಯಾವ ಟ್ರ್ಯಾಕ್ಟರ್ ತಗೊಳ್ಳಲಿ?" ಉತ್ತರ ಹೇಳುವ ಮೊದಲು ನಾನೇ ಎರಡು ಪ್ರಶ್ನೆ ಕೇಳ್ತೀನಿ. ಸೋಯಾ ಸಾಲಿನಿಂದ ಸಾಲಿಗೆ ಎಷ್ಟು ಸೆಂಟಿಮೀಟರ್ ಬಿಡ್ತಿ? ಹೋದ ವರ್ಷ ಬಾಡಿಗೆ ಟ್ರ್ಯಾಕ್ಟರಿಗೆ ಒಟ್ಟು ಎಷ್ಟು ಕೊಟ್ಟಿ? ಎರಡಕ್ಕೂ ಥಟ್ಟನೆ ಉತ್ತರ ಕೊಡುವವರು ಕಡಿಮೆ. ಎಚ್‌ಪಿ, ಬಣ್ಣ, ಯೂಟ್ಯೂಬಿನಲ್ಲಿ ನೋಡಿದ ಜಗ್ಗಾಟದ ವಿಡಿಯೊ ಮಾತ್ರ ಬಾಯಿಪಾಠ ಇರ್ತವೆ.

ಟ್ರ್ಯಾಕ್ಟರ್ ಬೇಕೋ ಬೇಡವೋ ಅನ್ನೋದನ್ನ ಎರಡನೇ ಪ್ರಶ್ನೆ ಹೇಳುತ್ತದೆ. ಯಾವುದು ಬೇಕು ಅನ್ನೋದನ್ನ ಮೊದಲನೇ ಪ್ರಶ್ನೆ ಹೇಳುತ್ತದೆ. ಹಿಂದಿನಿಂದ ಶುರು ಮಾಡೋಣ.

ಮೊದಲು ತಾಸಿನ ಲೆಕ್ಕ

ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿ ಮತ್ತೆ ಮಾಡಿ ನೋಡ್ರಿ.

40 ಎಚ್‌ಪಿ ಟ್ರ್ಯಾಕ್ಟರಿಗೆ 7 ಲಕ್ಷ ಅಂತ ಹಿಡಿಯೋಣ. 1.5 ಲಕ್ಷ ಕೈಯಿಂದ, 5.5 ಲಕ್ಷ ಸಾಲ. ಬಡ್ಡಿ ಶೇ. 10, ಐದು ವರ್ಷ, ಆರು ತಿಂಗಳಿಗೊಂದು ಕಂತು. ಒಂದು ಕಂತು ಸುಮಾರು 71,200 ರೂಪಾಯಿ ಬರುತ್ತದೆ, ವರ್ಷಕ್ಕೆ 1.42 ಲಕ್ಷ. ವಿಮೆ, ಎಣ್ಣೆ, ಫಿಲ್ಟರ್, ಟೈರಿಗೆ ಎತ್ತಿಡುವ ದುಡ್ಡು ಸೇರಿ ಇನ್ನೊಂದು 25,000. ಒಟ್ಟು ವರ್ಷಕ್ಕೆ 1.67 ಲಕ್ಷ.

ಈಗ ಉಳಿತಾಯದ ಕಡೆ ಬನ್ನಿ. ಎಕರೆಗೆ ವರ್ಷಕ್ಕೆ 7,000 ಬಾಡಿಗೆ ಕೊಡ್ತಿದ್ದೀರಿ ಅಂದರೆ ಐದು ಎಕರೆಗೆ 35,000. ಸ್ವಂತದ್ದಾದರೂ ಡೀಸೆಲ್ ಹಾಕಲೇಬೇಕು. 30 ತಾಸಿಗೆ ಸುಮಾರು 11,000. ಹಂಗಾದರೆ ನಿಜವಾದ ಉಳಿತಾಯ 24,000. ಬಾಕಿ 1.43 ಲಕ್ಷ ಹೊರಗಿನ ದುಡಿಮೆಯಿಂದ ಬರಬೇಕು. ಡೀಸೆಲ್, ಡ್ರೈವರ್ ಖರ್ಚು ಕಳೆದು ತಾಸಿಗೆ 500 ಉಳಿದರೆ, ವರ್ಷಕ್ಕೆ 286 ತಾಸು ಬೇರೆಯವರ ಹೊಲದಲ್ಲಿ ದುಡಿಯಬೇಕು. ದಿನಕ್ಕೆ ಎಂಟು ತಾಸು ಹಿಡಿದರೆ 36 ದಿನ.

36 ದಿನ ಏನು ದೊಡ್ಡದು ಅನ್ನಿಸಬಹುದು. ಆದರೆ ನಮ್ಮ ಕಡೆ ಕೆಲಸ ವರ್ಷಪೂರ್ತಿ ಹರಡಿಕೊಂಡಿರೋದಿಲ್ಲ. ಬೇಸಿಗೆ ಉಳುಮೆ, ಮಿರಗದ ಬಿತ್ತನೆ, ದಸರಾ ದಾಟಿದ ಮೇಲೆ ಕಡಲೆ, ಜೋಳದ ಬಿತ್ತನೆ. ಊರಿನ ಎಲ್ಲ ಟ್ರ್ಯಾಕ್ಟರುಗಳಿಗೂ ಅವೇ ದಿನ. ಮೇಲಾಗಿ ಉದ್ರಿ. "ರಾಶಿ ಆದ ಮ್ಯಾಲ ಕೊಡ್ತೀನಿ" ಅಂದವರ ತಾಸನ್ನ ಬ್ಯಾಂಕು ಲೆಕ್ಕಕ್ಕೆ ಹಿಡಿಯೋದಿಲ್ಲ. ಕೈಗೆ ಬಂದ ದುಡ್ಡಿನ ತಾಸು ಮಾತ್ರ ಎಣಿಸಿ.

ಐದು ವರ್ಷದ ನಂತರ ಬಂಡಿ ನಿಮ್ಮದಾಗಿ ಉಳಿಯುತ್ತದೆ, ಮಾರಿದರೆ ಬೆಲೆಯೂ ಬರುತ್ತದೆ, ಅದು ಖರೆ. ಆದರೆ ರೋಟಾವೇಟರ್, ಕಲ್ಟಿವೇಟರ್, ಕೂರಿಗೆ, ಟ್ರಾಲಿ ನಾನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. ಟ್ರ್ಯಾಕ್ಟರ್ ಒಂದೇ ನಿಂತರೆ ಅದು ಹೊಲ ಉಳೋದಿಲ್ಲ.

ಹೊರಗಿನ ಕೆಲಸ ಖಾತ್ರಿ ಇಲ್ಲದಿದ್ದರೆ, ಅಣ್ಣ-ತಮ್ಮಂದಿರ ಹೊಲ ಸೇರಿಯೂ ಹತ್ತು ಹನ್ನೆರಡು ಎಕರೆ ಆಗದಿದ್ದರೆ, ಈ ವರ್ಷ ಬಾಡಿಗೆಯಲ್ಲೇ ಇರಿ. 2014-15ರಲ್ಲಿ ರಾಜ್ಯದಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರ ನಿಮ್ಮ ಹೋಬಳಿಯಲ್ಲಿದ್ದರೆ ದರಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಊರಿನ ಬಾಡಿಗೆಯವರ ಜತೆ ಚೌಕಾಸಿಗೂ ಬರ್ತದೆ.

ಹಾಗಾದರೆ ಸಣ್ಣ ಹೊಲದವ ಯಾಕೆ ಕೊಳ್ಳಬೇಕು?

ಒಂದೇ ಒಂದು ಗಟ್ಟಿ ಕಾರಣ ಇದೆ, ಅದು ಹದ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ. ಒಳ್ಳೆ ಮಳೆ ಬಿದ್ದ ಮೇಲೆ ಕೆಲವು ದಿನ ಹೊಲದಲ್ಲಿ ಕಾಲಿಡಲಿಕ್ಕೆ ಆಗೋದಿಲ್ಲ. ಆಮೇಲೆ ಹದ ಬಂದದ್ದು ಎರಡು ಮೂರು ದಿನ ಇದ್ದರೆ ಹೆಚ್ಚು, ಮತ್ತೆ ಮಳೆ ಇಲ್ಲವೇ ಹೆಂಟೆ. ಸೋಯಾ ಬಿತ್ತಲು 75ರಿಂದ 100 ಮಿ.ಮೀ. ಮಳೆ ಆಗುವವರೆಗೆ ಕಾಯಬೇಕು ಅಂತಾರೆ. ಕಾದು ಕುಳಿತಾಗ ಬಾಡಿಗೆ ಟ್ರ್ಯಾಕ್ಟರಿನವ ಮೊದಲು ಇಪ್ಪತ್ತು ಎಕರೆಯವರ ಹೊಲಕ್ಕೆ ಹೋಗ್ತಾನೆ, ಅದರಲ್ಲಿ ಅವನ ತಪ್ಪೂ ಇಲ್ಲ. ನಿಮ್ಮ ಪಾಳಿ ಬರುವಷ್ಟರಲ್ಲಿ ಹದ ಹೋಗಿರ್ತದೆ. ಎರಡು ಮೂರು ವರ್ಷ ಹೀಗೆ ಬಿತ್ತನೆ ತಪ್ಪಿದ್ದರೆ, ಅದರಿಂದ ಕಳೆದುಕೊಂಡ ಚೀಲಗಳನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ. ಆಗ ಉತ್ತರ ಬದಲಾಗಬಹುದು.

ಆದರೆ ಹದದ ಸಲುವಾಗಿ ಕೊಳ್ಳೋದಾದರೆ, ಹಸಿ ಎರಿಯಲ್ಲಿ ನಡೆಯುವ ಬಂಡಿಯನ್ನೇ ಕೊಳ್ಳಬೇಕು. 40 ಎಚ್‌ಪಿಯ ಸಾಮಾನ್ಯ ಟ್ರ್ಯಾಕ್ಟರ್ ಎರಡು ಟನ್ ಹತ್ತಿರ ತೂಗುತ್ತದೆ, ಹಿಂದಿನ ಎರಡು ಗಾಲಿ ಮಾತ್ರ ಎಳೆಯುತ್ತವೆ. ಹಸಿ ಇದ್ದಾಗ ಗಾಲಿ ಜಾರುತ್ತದೆ, ಕೆಳಗಿನ ಮಣ್ಣು ಗಟ್ಟಿಯಾಗುತ್ತದೆ. 24ರಿಂದ 28 ಎಚ್‌ಪಿಯ ನಾಲ್ಕು ಗಾಲಿ ಎಳೆತದ ಸಣ್ಣ ಟ್ರ್ಯಾಕ್ಟರ್ ಒಂದು ಟನ್ ಆಸುಪಾಸು, ಕೆಲವು ಇನ್ನೂ ಕಡಿಮೆ. ಮಹೀಂದ್ರಾ ಜೀವೊ, ಕುಬೋಟಾ ನಿಯೋಸ್ಟಾರ್, ನಮ್ಮ ಬೆಂಗಳೂರಿನ ವಿಎಸ್‌ಟಿ ಶಕ್ತಿ, ಎಲ್ಲರ ಹತ್ತಿರವೂ ಈ ಅಳತೆಯವು ಇವೆ. ಬೆಲೆ ಅರ್ಧ ಇರ್ತದೆ ಅಂದುಕೊಳ್ಳಬೇಡಿ. ನಾಲ್ಕು ಗಾಲಿ ಎಳೆತಕ್ಕೆ ದುಡ್ಡು ಹೆಚ್ಚು.

ಬೀದರ್ ನಗರದ ಸುತ್ತಿನ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ಮಾತು ಅಷ್ಟಾಗಿ ಹೊಂದೋದಿಲ್ಲ. ಅಲ್ಲಿ ನೀರು ಬೇಗ ಇಳಿಯುತ್ತದೆ, ಎರಡು ಗಾಲಿ ಎಳೆತದ 30-35 ಎಚ್‌ಪಿ ಸಾಕು. ಕಲ್ಲಿಗೆ ರೋಟಾವೇಟರ್ ಬ್ಲೇಡ್ ಬೇಗ ಸವೆಯುತ್ತವೆ, ಅದೊಂದು ಖರ್ಚು. ಕಾರಂಜಾ ನೀರಿನ ಕಡೆ ಕಬ್ಬು ಹಚ್ಚಿ ಟ್ರಾಲಿ ಎಳೀತೀನಿ ಅನ್ನುವವರ ಲೆಕ್ಕವೇ ಬೇರೆ, ಅವರಿಗೆ 45-50 ಎಚ್‌ಪಿ ಬೇಕು.

ಈಗ ಟೇಪು ತಗೊಳ್ರಿ

ಶೋರೂಮಿನಲ್ಲಿ ಯಾರೂ ಹೇಳದ ಅಳತೆ ಇದು. ಬಿತ್ತಿದ ಮೇಲೆ ಎಡೆ ಹೊಡೆಯಲಿಕ್ಕೆ, ಔಷಧ ಸಿಂಪಡಿಸಲಿಕ್ಕೆ ಟ್ರ್ಯಾಕ್ಟರ್ ಬೆಳೆಯೊಳಗೆ ಹೋಗಬೇಕು. ಸೋಯಾ ಸಾಲು 45 ಸೆಂ.ಮೀ. ಅಂತ ಹಿಡೀರಿ. ಎರಡು ಸಾಲು ಹೊಟ್ಟೆ ಕೆಳಗೆ ಬಿಟ್ಟು ಗಾಲಿ ಆಚೆ ಈಚೆ ಇಳಿಯಬೇಕಾದರೆ, ಎಡಗಾಲಿಯ ನಡುವಿನಿಂದ ಬಲಗಾಲಿಯ ನಡುವಿಗೆ 90 ಸೆಂ.ಮೀ. ಇರಬೇಕು. ಸಣ್ಣ ಟ್ರ್ಯಾಕ್ಟರಿನ ಹಿಂದಿನ ಟೈರು 20 ಸೆಂ.ಮೀ. ಅಗಲ ಇದ್ದರೆ ಎರಡೂ ಬದಿ 12 ಸೆಂ.ಮೀ. ಜಾಗ ಸಿಗುತ್ತದೆ, ಗಿಡ ಉಳಿಯುತ್ತದೆ. ದೊಡ್ಡ ಟ್ರ್ಯಾಕ್ಟರಿನ ಟೈರು 32-35 ಸೆಂ.ಮೀ. ಅದು ಅದೇ 45ರ ಸಾಲಿನಲ್ಲಿ ಹೋದರೆ ಬದಿಗೆ ಐದಾರು ಸೆಂ.ಮೀ. ಮಾತ್ರ, ಕೈ ಸ್ವಲ್ಪ ಅಲುಗಾಡಿದರೂ ಸಾಲು ನೆಲಕ್ಕೆ. 30 ಸೆಂ.ಮೀ. ಸಾಲು ಬಿತ್ತುವವರು ಯಾವ ಟ್ರ್ಯಾಕ್ಟರನ್ನೂ ಎಡೆಗೆ ಬಿಡಲಾರರು.

ಆದ್ದರಿಂದ ಟ್ರ್ಯಾಕ್ಟರ್, ಕೂರಿಗೆ ಎರಡನ್ನೂ ಒಟ್ಟಿಗೆ ಆರಿಸಬೇಕು. ಸೋಯಾ ನಡುವೆ ತೊಗರಿ ಹಾಕುವವರು ತೊಗರಿ ಸಾಲು ಗಾಲಿ ದಾರಿಗೆ ಬರದ ಹಾಗೆ ಕೂರಿಗೆಯ ತಾಳು ಹೊಂದಿಸಬೇಕು. ಗಾಲಿ ಅಂತರ ಎಷ್ಟರಿಂದ ಎಷ್ಟರವರೆಗೆ ಬದಲಿಸಬಹುದು ಅಂತ ಕೇಳಿ, ಟೇಪಿನಿಂದ ನೀವೇ ಅಳೆದು ನೋಡ್ರಿ.

ಸಣ್ಣದರಿಂದ ಆಗದ ಕೆಲಸವೂ ಇದೆ. ಒಣಗಿದ ಎರಿಯಲ್ಲಿ ಪಲ್ಟಿ ನೇಗಿಲಿನ ಆಳ ಉಳುಮೆ, ಒಂಬತ್ತು ತಾಳಿನ ಕಲ್ಟಿವೇಟರ್, ಐದು ಅಡಿ ರೋಟಾವೇಟರ್ ಅದಕ್ಕೆ ಭಾರ. ಆಳ ಉಳುಮೆ ಎರಡು ಮೂರು ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಹದದ ಅವಸರ ಇಲ್ಲದ ಕೆಲಸ. ಅದನ್ನ ಬಾಡಿಗೆಗೆ ಬಿಡಿ. ಅವಸರದ ಕೆಲಸ ಸ್ವಂತ ಬಂಡಿಗೆ, ಶಕ್ತಿಯ ಕೆಲಸ ಬಾಡಿಗೆ ಬಂಡಿಗೆ. ಐದಾರು ಎಕರೆ ಎರಿಯವರಿಗೆ ನಾನು ಹೇಳೋದು ಇದನ್ನೇ.

ಶೋರೂಮಿನಲ್ಲಿ ಕೇಳಬೇಕಾದ್ದು

ಎಂಜಿನ್ ಎಚ್‌ಪಿ ಅಲ್ಲ, ಪಿಟಿಒ ಎಚ್‌ಪಿ ಎಷ್ಟು ಅಂತ ಕೇಳಿ. ರೋಟಾವೇಟರ್ ತಿರುಗಿಸುವುದು ಅದೇ, ಸಾಮಾನ್ಯವಾಗಿ ಎಂಜಿನ್ನಿನ ಶೇ. 85ರ ಸುತ್ತಮುತ್ತ ಇರ್ತದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷೆ ಮಾಡುತ್ತದೆ. ಆ ಮಾಡೆಲ್‌ನ ಪರೀಕ್ಷಾ ವರದಿ ತೋರಿಸಿ ಅನ್ನಿ. ಪಿಟಿಒ ಶಕ್ತಿ, ತಾಸಿಗೆ ಕುಡಿಯುವ ಡೀಸೆಲ್, ಹೈಡ್ರಾಲಿಕ್ ಎತ್ತುವ ತೂಕ ಎಲ್ಲ ಅದರಲ್ಲಿ ಬರೆದಿರ್ತದೆ. ಡೆಮೊ ರಸ್ತೆಯ ಮೇಲೆ ಬೇಡ. ಮಳೆ ಬಿದ್ದ ಮೂರನೇ ದಿನ, ನಿಮ್ಮ ಹೊಲದಲ್ಲೇ ಆಗಲಿ.

ಜಹೀರಾಬಾದಿನಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ 2013ರಿಂದ ಇದೆ, ಬೀದರಿಗೆ ನೆರೆಯೂರು. ಕಾರ್ಖಾನೆ ಹತ್ತಿರ ಅಂತ ಅದನ್ನೇ ಕೊಳ್ಳುವವರಿದ್ದಾರೆ. ಕಾರ್ಖಾನೆಗಿಂತ ಮೆಕ್ಯಾನಿಕ್ ಹತ್ತಿರ ಇರಬೇಕು. ಔರಾದ ತಾಲೂಕಿನ ಗಡಿ ಊರಿನವರಂತೂ, ಬಿತ್ತನೆ ದಿನ ಫೋನ್ ಮಾಡಿದರೆ ಎಷ್ಟು ತಾಸಿನಲ್ಲಿ ಬರ್ತಾರೆ ಅಂತ ಈಗಾಗಲೇ ಅದೇ ಮಾಡೆಲ್ ಇಟ್ಟವರನ್ನು ಕೇಳಿಕೊಳ್ಳಿ.

ಬೆಲೆ ವಿಷಯ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 6 ಲಕ್ಷದ ಬಂಡಿಗೆ 42,000 ಕಡಿಮೆ. ಕೊಟೇಶನ್‌ನಲ್ಲಿ ಮೂಲ ಬೆಲೆ, ತೆರಿಗೆ, ನೋಂದಣಿ, ವಿಮೆ ಬೇರೆ ಬೇರೆ ಬರೆಸಿ. ಟ್ರಾಲಿಗೆ ಪ್ರತ್ಯೇಕ ನೋಂದಣಿ ಬೇಕು.

ಸಣ್ಣ ಟ್ರ್ಯಾಕ್ಟರಿಗೆ ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಹಾಯಧನ ಇದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಹೆಚ್ಚು. ಫ್ರೂಟ್ಸ್ ಸಂಖ್ಯೆ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಅರ್ಜಿ, ಮಂಜೂರಾದ ಮೇಲೆ ಖರೀದಿ. "ಮೊದಲು ಬಂಡಿ ಒಯ್ರಿ, ಸಬ್ಸಿಡಿ ಆಮೇಲೆ ಮಾಡಿಸ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಪಹಣಿ ಮತ್ತು ಹಳೇ ಬಂಡಿ

ಸಾಲಕ್ಕೆ ಹೊಲ ಅಡ ಇಟ್ಟರೆ ಪಹಣಿಯ 11ನೇ ಕಾಲಂನಲ್ಲಿ ಬೋಜಾ ಏರುತ್ತದೆ. ಕಂತು ನಿಂತರೆ ಟ್ರ್ಯಾಕ್ಟರ್ ಒಂದೇ ಹೋಗೋದಿಲ್ಲ, ಹೊಲದ ಮೇಲೂ ಬರ್ತದೆ, ಮುಂದಿನ ವರ್ಷದ ಬೆಳೆಸಾಲಕ್ಕೂ ಅಡ್ಡಿ. ಪಹಣಿ ಅಪ್ಪನ ಹೆಸರಿನಲ್ಲಿದ್ದರೆ ಈ ಮಾತು ಅವರೆದುರು ಕೂತು ಆಗಬೇಕು. ಕಂತಿನ ತಿಂಗಳನ್ನು ಸೋಯಾ, ತೊಗರಿ ಮಾರುವ ಸಮಯಕ್ಕೆ ಹೊಂದಿಸಿ ಅಂತ ಬ್ಯಾಂಕಿನಲ್ಲಿ ಕೇಳ್ರಿ.

ಇದೆಲ್ಲ ಭಾರ ಅನ್ನಿಸಿದವರು ಉದಗೀರ, ದೇಗಲೂರ ಕಡೆ ಹಳೇ ಟ್ರ್ಯಾಕ್ಟರ್ ನೋಡ್ತಾರೆ. ನೋಡಲಿ, ಆದರೆ ಎಂಜಿನ್ ಸದ್ದು ಕೇಳುವ ಮೊದಲು ಕಾಗದ ನೋಡಬೇಕು. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ವಿವರ, ವಿಮೆ, ಸಾಲದ ನಮೂದು ಸಿಗುತ್ತದೆ. ಸಾಲ ಇದ್ದದ್ದಾದರೆ ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35 ಬೇಕು. ಮಹಾರಾಷ್ಟ್ರದ ನಂಬರಿದ್ದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು ಬೀದರಿನ ಕೆಎ-38 ಇಲ್ಲವೇ ಭಾಲ್ಕಿಯ ಕೆಎ-39ರಲ್ಲಿ ಮರುನೋಂದಣಿ ಮಾಡಿಸಬೇಕು. ಹೊರರಾಜ್ಯದ ಬಂಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಕಡ್ಡಾಯ. ಈ ಕಾಗದ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಕಾಗದ ಸರಿ ಇದ್ದರೆ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ. ಹೈಡ್ರಾಲಿಕ್ ಮೇಲೆ ರೋಟಾವೇಟರ್ ಎತ್ತಿ, ಎಂಜಿನ್ ಬಂದ್ ಮಾಡಿ, ಒಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಅದು ಗೇಣುದ್ದ ಕೆಳಗಿಳಿದಿದ್ದರೆ ಹೈಡ್ರಾಲಿಕ್ ರಿಪೇರಿಯ ದುಡ್ಡನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ.