ಆಟಕ್ಕೆ ತಕ್ಕ ಅಂಗಳ: ಬೆಂಗಳೂರಿನ ಕಾಲ್ಚೆಂಡು ಕ್ರೀಡಾಂಗಣಗಳು

ಕಬಡ್ಡಿಯ ಅಂಕಣಕ್ಕೆ ಒಂದು ಅಳತೆ, ಖೋ-ಖೋ ಅಂಕಣಕ್ಕೆ ಇನ್ನೊಂದು ಅಳತೆ ಇರುವುದನ್ನು ನೀವು ಬಲ್ಲಿರಿ. ಕಾಲ್ಚೆಂಡಿನ ದೊಡ್ಡ ಪಂದ್ಯಗಳಿಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಗಳ ಬೇಕು. ರಗ್ಬಿ ಆಟದ ಅಂಗಳವೂ ಹೆಚ್ಚುಕಡಿಮೆ ಇದೇ ಆಕಾರದ್ದು. ಆದುದರಿಂದಲೇ 1988ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಈ ಎರಡು ಆಟಗಳಿಗೂ ಒಪ್ಪುವ ಆಯತಾಕಾರದ ಕ್ರೀಡಾಂಗಣವೊಂದು ತೆರೆಯಿತು.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರು. ಆ ನಗರದ ಕಾಲ್ಚೆಂಡಿನ ಪರಂಪರೆ ಹಳೆಯದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅಂದಿನ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು.

ಅಶೋಕನಗರದಲ್ಲಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಈ ಆಟಕ್ಕೆಂದೇ ಮೀಸಲಾದುದು. ಇದು ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಸೇರಿದ್ದು. ಇಲ್ಲಿ ಓಟದ ಪಥವಿಲ್ಲ. ಕೃತಕ ಹುಲ್ಲುಹಾಸಿನ ಪಕ್ಕದಲ್ಲೇ ಪ್ರೇಕ್ಷಕರ ಮೆಟ್ಟಿಲುಗಳಿವೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡ ಇದನ್ನೇ ತವರು ಅಂಗಳವಾಗಿ ಮಾಡಿಕೊಂಡು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು.

ಅನಂತರ 2014ರಲ್ಲಿ ಆ ತಂಡ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ನಿಂತಿರುವ ಈ ಕ್ರೀಡಾಂಗಣ ದೊಡ್ಡದು; 1997ರ ರಾಷ್ಟ್ರೀಯ ಕ್ರೀಡಾಕೂಟವನ್ನು ಕಂಡದ್ದು. 2016ರ ಅಕ್ಟೋಬರ್ 19ರಂದು ಇಲ್ಲಿ ಮಲೇಷಿಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಕೀರ್ತಿಯನ್ನು ಬೆಂಗಳೂರು ಎಫ್.ಸಿ. ಪಡೆಯಿತು.

ಆದರೆ ಇಲ್ಲಿ ಅಂಗಳದ ಸುತ್ತ ಓಟದ ಪಥವಿದೆ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. 400 ಮೀಟರ್ ಪಥದ ಒಳಗಿನ ಜಾಗದ ಉದ್ದ ಸುಮಾರು 157 ಮೀಟರ್. ಅದರಲ್ಲಿ 105 ಕಳೆದರೆ ಉಳಿಯುವುದು 52. ಒಂದೊಂದು ಗೋಲಿನ ಹಿಂದೆ 26 ಮೀಟರ್. ಎಂಟು ಲೇನುಗಳಿಗೆ ಇನ್ನೂ ಸುಮಾರು 10 ಮೀಟರ್. ಹೀಗೆ ಗೋಲಿನ ಹಿಂದೆ ಕುಳಿತವನಿಗೆ ಗೋಲೇ 36 ಮೀಟರ್ ದೂರ!

ಹಾಗೆಂದು ಪಥ ಬೇಡವೆನ್ನಬಹುದೇ? ಓಟಗಾರರಿಗೂ ಅಭ್ಯಾಸದ ಸ್ಥಳ ಬೇಕಲ್ಲವೇ? ಒಂದೇ ಅಂಗಳವನ್ನು ಎರಡು ಕ್ರೀಡೆಗಳು ಹಂಚಿಕೊಂಡಾಗ ತಕರಾರು ಎದ್ದದ್ದೂ ಉಂಟು. ಎರಡಕ್ಕೂ ಬೇರೆ ಬೇರೆ ಜಾಗ ದೊರೆತರೆ ಯಾರಿಗೂ ನಷ್ಟವಿಲ್ಲ.

2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಅಂಥ ಗೆಲುವಿಗೆ ದೊಡ್ಡ ಕಟ್ಟಡಕ್ಕಿಂತ ಮೊದಲು ಮಕ್ಕಳು ನಿತ್ಯ ಆಡುವ ಬಯಲು ಬೇಕು. ಗೋನೆಗಂಡ್ಲವಾಗಲಿ, ಆದವಾನಿಯಾಗಲಿ, ಊರು ಬೆಳೆದಂತೆ ಬಯಲು ಕಿರಿದಾಗುತ್ತದೆ. ಇರುವ ಬಯಲನ್ನು ಉಳಿಸುವುದು ಹಿರಿಯರ ಹೊಣೆ. ಅದನ್ನು ಅಳೆದು, ಸುಣ್ಣದ ಗೆರೆ ಎಳೆದು, ದಿನವೂ ಆಡುವುದು ನಮ್ಮ ಹೊಣೆ.