ನೀರಾವರಿ ಪಂಪಿನ ಪೆಟ್ಟಿಗೆಗೆ ಕಾವಲು ಗಡಿಯಾರ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಡಿಕೆ ತೋಟಗಳಿಗೆ ಬೇಸಗೆ ಮುಗಿಯುವ ವರೆಗೆ ನೀರುಣಿಸುವುದು ಅವಶ್ಯವೆಂಬುದು ಸರ್ವವಿದಿತವಾದ ವಿಷಯ. ಪಂಪನ್ನು ಕಾಲಕ್ಕೆ ಸರಿಯಾಗಿ ನಡೆಯಿಸಿ ನಿಲ್ಲಿಸುವ ಕೆಲಸವನ್ನು ಈಚೆಗೆ ಹಲವು ಯಜಮಾನರು ಚಿಪ್ ಅಳವಡಿಸಿದ ನಿಯಂತ್ರಣ ಪೆಟ್ಟಿಗೆಗೆ ಒಪ್ಪಿಸಿ, ಮನೆಯಿಂದಲೇ ಮೊಬೈಲಿನ ಮೂಲಕ ಆಜ್ಞೆ ಮಾಡುತ್ತಿದ್ದಾರೆ. ಇದರಲ್ಲಿರುವ ಒಂದು ಅಪಾಯವನ್ನೂ ಅದಕ್ಕೆ ತಕ್ಕ ಅಲ್ಪವೆಚ್ಚದ ಉಪಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಚಿಪ್ ಎಂಬುದು ಬರೆದಿಟ್ಟ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುವ ಸಣ್ಣ ಕಂಪ್ಯೂಟರು. ಗುಡುಗು ಸಿಡಿಲಿನಿಂದಲೂ, ವೋಲ್ಟೇಜಿನ ಏರಿಳಿತದಿಂದಲೂ, ಆಜ್ಞೆ ಬರೆದವರ ತಪ್ಪಿನಿಂದಲೂ ಅದು ನಡುವೆ ಸ್ತಬ್ಧವಾಗುವುದುಂಟು. ಆಗ ಪೆಟ್ಟಿಗೆಯ ದೀಪ ಆರದಿರಬಹುದು. ಹೊರನೋಟಕ್ಕೆ ಎಲ್ಲವೂ ಸರಿಯಿದ್ದಂತೆಯೇ ತೋರಬಹುದು. ಆದರೆ ನಿಂತ ಪಂಪು ನಿಂತೇ ಇದ್ದು ತೋಟ ಒಣಗುವುದು. ಇಲ್ಲವೆ ನಡೆಯುವ ಪಂಪು ನಡೆಯುತ್ತಲೇ ಇದ್ದು, ಬಾವಿ ಬರಿದಾಗಿ ಮೋಟಾರು ಸುಡುವುದು.

ಇದಕ್ಕೆ ಪರಿಹಾರವೇ ಕಾವಲು ಗಡಿಯಾರ, ಅರ್ಥಾತ್ ವಾಚ್‌ಡಾಗ್ ಟೈಮರ್. ಮರವೇರಿ ಮದ್ದು ಬಿಡುವವನು ಆಗಾಗ ಕೂ ಎನ್ನತಕ್ಕದ್ದೆಂದೂ, ಆ ದನಿ ಕೇಳದಿದ್ದರೆ ಕೆಳಗಿರುವವನು ಒಡನೆ ಎಚ್ಚರಗೊಳ್ಳತಕ್ಕದ್ದೆಂದೂ ಕಟ್ಟು ಮಾಡಿದಂತೆ ಇದರ ಕ್ರಮ. ಗಡಿಯಾರವು ನಿಗದಿಯಾದ ಅವಧಿಯನ್ನು ಎಣಿಸುತ್ತಿರುತ್ತದೆ. ಚಿಪ್ ತನ್ನ ಕೆಲಸದ ಪ್ರತಿ ಸುತ್ತಿನಲ್ಲಿಯೂ ಅದಕ್ಕೊಂದು ಸಂಜ್ಞೆ ಕೊಟ್ಟರೆ ಎಣಿಕೆ ಮೊದಲಿಗೆ ಮರಳುತ್ತದೆ. ಅವಧಿಯೊಳಗೆ ಸಂಜ್ಞೆ ಬಾರದಿದ್ದರೆ ಗಡಿಯಾರವು ಯಾರನ್ನೂ ಕೇಳದೆ ಚಿಪ್ಪನ್ನು ಮೊದಲಿನಿಂದ ಪ್ರಾರಂಭಿಸುತ್ತದೆ. ಆರ್ಡುಯಿನೋ ಉನೋ ಫಲಕದ ಏಟಿಮೆಗಾ 328ಪಿ ಚಿಪ್ಪಿನಲ್ಲಿ ಈ ಗಡಿಯಾರ ಒಳಗೇ ಇದ್ದು, ಅವಧಿಯನ್ನು ಸುಮಾರು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನ ವರೆಗೆ ಗೊತ್ತುಮಾಡಬಹುದು. ಆದರೆ ಆಜ್ಞೆ ಬರೆಯುವವರು ಅದನ್ನು ಬಳಸಿಕೊಳ್ಳದಿದ್ದರೆ ಇದ್ದೂ ಇಲ್ಲದಂತೆಯೇ.

1997ರಲ್ಲಿ ಮಂಗಳಗ್ರಹದ ಮೇಲಿಳಿದ ಅಮೆರಿಕೆಯ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರು ಆಗಾಗ ಕೆಲಸದಲ್ಲಿ ತೊಡಕಿಕೊಂಡಾಗ ಕಾವಲು ವ್ಯವಸ್ಥೆಯೇ ಅದನ್ನು ಪುನಃ ಪ್ರಾರಂಭಿಸಿ ಉಳಿಸಿತು; ಅಷ್ಟರಲ್ಲಿ ತಜ್ಞರು ಮೂಲದೋಷವನ್ನು ಕಂಡುಹಿಡಿದು ಭೂಮಿಯಿಂದಲೇ ತಿದ್ದಿದರು. ಕಾವಲು ಗಡಿಯಾರ ಕಾಲಾವಕಾಶ ಕೊಡುತ್ತದೆಯೇ ಹೊರತು ದೋಷವನ್ನು ತಾನೇ ಸರಿಪಡಿಸದು.

ಪೆಟ್ಟಿಗೆ ಕೊಳ್ಳುವವರು ಗಮನಿಸತಕ್ಕ ಅಂಶಗಳು:

1. ಗಡಿಯಾರವು ಚಿಪ್ಪಿನ ಮುಖ್ಯ ಎಣಿಕೆಯನ್ನು ಅವಲಂಬಿಸದೆ ಸ್ವತಂತ್ರವಾಗಿ ನಡೆಯುವಂತಿರತಕ್ಕದ್ದು.

2. ನೀರಿನ ಮಟ್ಟ, ವೋಲ್ಟೇಜು, ಸಮಯ ಇವೆಲ್ಲವನ್ನೂ ಪರೀಕ್ಷಿಸಿದ ಬಳಿಕವೇ ಚಿಪ್ ಸಂಜ್ಞೆ ಕೊಡುವಂತಿರತಕ್ಕದ್ದು. ಕೆಲಸ ಕೆಟ್ಟರೂ ಸಂಜ್ಞೆ ಹೋಗುತ್ತಿದ್ದರೆ, ನಿದ್ದೆಯಲ್ಲಿ ಕೂ ಎನ್ನುವವನನ್ನು ನಂಬಿದಂತೆಯೇ.

3. ಪುನಃ ಪ್ರಾರಂಭವಾದೊಡನೆ ಪಂಪು ನಿಂತ ಸ್ಥಿತಿಯಲ್ಲಿರತಕ್ಕದ್ದು. ನೀರೂ ವಿದ್ಯುತ್ತೂ ಸರಿಯೆಂದು ಕಂಡ ಮೇಲೆಯೇ ನಡೆಯತಕ್ಕದ್ದು.

4. ಎಷ್ಟು ಬಾರಿ ಪುನಃ ಪ್ರಾರಂಭವಾಯಿತೆಂಬ ಲೆಕ್ಕ ಉಳಿಯತಕ್ಕದ್ದು. ಲೆಕ್ಕ ಏರುತ್ತ ಹೋದರೆ ಸಡಿಲವಾದ ತಂತಿ, ಅರ್ಥಿಂಗ್, ಪೆಟ್ಟಿಗೆಯ ವಿದ್ಯುತ್ ಪೂರೈಕೆ ಇವನ್ನು ಮೊದಲು ಪರೀಕ್ಷಿಸಿಸತಕ್ಕದ್ದು.

5. ಚಿಪ್ಪನ್ನು ಬೇಕೆಂದೇ ಸ್ತಬ್ಧಗೊಳಿಸಿ, ಅದು ತಾನಾಗಿ ಎಚ್ಚರಗೊಳ್ಳುವುದನ್ನು ಮಾರುವವರಿಂದ ಕಣ್ಣೆದುರು ಮಾಡಿಸಿ ನೋಡತಕ್ಕದ್ದು. ಮುಖ್ಯ ಸ್ವಿಚ್ಚನ್ನು ತೆಗೆದು ಹಾಕಿ ತೋರಿಸುವುದು ಈ ಪರೀಕ್ಷೆಯಾಗಲಾರದು.

ನೀರಿಲ್ಲದೆ ಓಡುವ ಮೋಟಾರನ್ನಾಗಲಿ, ಅಂಟಿಕೊಂಡ ಸ್ಟಾರ್ಟರನ್ನಾಗಲಿ ಈ ಗಡಿಯಾರ ಅರಿಯದು. ಆದಕಾರಣ ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ಪ್ರತ್ಯೇಕ ಸಾಧನವನ್ನೂ, ಕೈಯಿಂದ ನಿಲ್ಲಿಸುವ ಸ್ವಿಚ್ಚನ್ನೂ ಇಟ್ಟುಕೊಳ್ಳತಕ್ಕದ್ದು. ಊರಿನ ಮುಖಂಡರು ಈ ಅಂಶಗಳನ್ನು ನೆರೆಯ ಕೃಷಿಕರಿಗೆ ತಿಳಿಯಪಡಿಸಿ, ಬೇಸಗೆಗೆ ಮುಂಚಿತವಾಗಿಯೇ ಪೆಟ್ಟಿಗೆಗಳನ್ನು ಪರೀಕ್ಷಿಸಿಸಿದರೆ ಅನೇಕ ತೋಟಗಳ ನಷ್ಟ ತಪ್ಪುವುದು.